ನಾಲೆಗಳ ಪಟ್ಟಿಯಲ್ಲಿ ಒಂದು ಸಾಲನ್ನು ಎಳೆಯುವ ಮುನ್ನ



ಶಾಲೆಯ ಪ್ರವಾಸದಲ್ಲಿ ಕೃಷ್ಣರಾಜಸಾಗರಕ್ಕೆ ಹೋಗದವರು ನಮ್ಮಲ್ಲಿ ಕಡಿಮೆ. ಹೋದವರು ಬೃಂದಾವನದ ಕಾರಂಜಿ ನೋಡಿ, ಅಣೆಕಟ್ಟೆಯ ಉದ್ದಕ್ಕೆ ಬೆರಗಾಗಿ, ಬಸ್ಸು ಹತ್ತಿ ಬಂದುಬಿಡುತ್ತಾರೆ. ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಸುಮಾರು ಇಪ್ಪತ್ತು ವರ್ಷ ನಡೆಯಿತು, ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಅದು ಹಿಡಿಯುವ ನೀರು ಸುಮಾರು 49 ಟಿ.ಎಂ.ಸಿ. ಎಂಬ ಸಂಗತಿಗಳು ಪರೀಕ್ಷೆಯಲ್ಲಿ ಬರುತ್ತವಾದ್ದರಿಂದ ನಿಮಗೆ ಗೊತ್ತಿರುತ್ತವೆ. ಆದರೆ ಆ ನೀರು ಮದ್ದೂರು ಕಡೆಯ ಒಂದು ಭತ್ತದ ಗದ್ದೆಯನ್ನು ಯಾವ ದಾರಿಯಲ್ಲಿ ತಲುಪುತ್ತದೆ ಎಂದು ಕೇಳಿದರೆ?

ಅಣೆಕಟ್ಟೆಯ ಎಡಗಡೆಯಿಂದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತದೆ. ಹುಲಿಕೆರೆಯ ಬಳಿ ಸುರಂಗದೊಳಗೆ ನುಗ್ಗಿ, ಆಚೆ ಬದಿಗೆ ಬಂದು, ಮಂಡ್ಯದ ಕಡೆಗೆ ಸಾಗುತ್ತದೆ. ಮದ್ದೂರು ಶಾಖಾ ನಾಲೆ, ತುರುಗನೂರು ಶಾಖಾ ನಾಲೆ ಮೊದಲಾದವು ಅದರ ಕವಲುಗಳು. ಶಾಖಾ ನಾಲೆಯಿಂದ ವಿತರಣಾ ನಾಲೆ, ಅದರಿಂದ ಉಪನಾಲೆ, ಉಪನಾಲೆಯ ತೂಬಿನಿಂದ ಹೊಲಗಾಲುವೆ, ಹೊಲಗಾಲುವೆಯಿಂದ ಗದ್ದೆ. ದೊಡ್ಡದರ ಕೆಳಗೆ ಚಿಕ್ಕದು, ಅದರ ಕೆಳಗೆ ಇನ್ನೂ ಚಿಕ್ಕದು. ನಿಮ್ಮ ಮನೆಯ ವಂಶವೃಕ್ಷವನ್ನು ಒಂದು ಹಾಳೆಯ ಮೇಲೆ ಬರೆದಂತೆಯೇ ಇದು.

ಈಗ ಈ ನಾಲೆಗಳನ್ನೆಲ್ಲ ಗಣಕದ ಪರದೆಯ ಮೇಲೆ ಒಂದು ಕೋಷ್ಟಕವಾಗಿ ಬರೆಯುತ್ತೇವೆಂದು ಇಟ್ಟುಕೊಳ್ಳಿ. ಮೊದಲ ಕಂಬಸಾಲಿನಲ್ಲಿ ನಾಲೆಯ ಹೆಸರು, ಎರಡನೆಯದರಲ್ಲಿ ಉದ್ದ, ಮೂರನೆಯದರಲ್ಲಿ ಅಚ್ಚುಕಟ್ಟು, ನಾಲ್ಕನೆಯದರಲ್ಲಿ ಅದು ಒಯ್ಯಬಲ್ಲ ನೀರು ಎಷ್ಟು ಕ್ಯೂಸೆಕ್ ಎಂಬುದು. ಶಾಖಾ ನಾಲೆಯ ಹೆಸರನ್ನು ಸ್ವಲ್ಪ ಒಳಗೆ ಸರಿಸಿ ಬರೆದರೆ ಅದು ಮುಖ್ಯ ನಾಲೆಯ ಮರಿ ಎಂದು ತಿಳಿಯುತ್ತದೆ. ವಿತರಣಾ ನಾಲೆಯನ್ನು ಮತ್ತಷ್ಟು ಒಳಗೆ ಸರಿಸಬೇಕು. ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ. ಅದನ್ನು ಒತ್ತಿದರೆ ಮರಿಗಳು ತೆರೆದುಕೊಳ್ಳುತ್ತವೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತವೆ. ಇಂಥದ್ದಕ್ಕೆ ಶ್ರೇಣೀಬದ್ಧ ಕೋಷ್ಟಕ ಎನ್ನುತ್ತಾರೆ. ಜಾಲತಾಣದಲ್ಲಿ ಪಹಣಿ ನೋಡಿದವರಿಗೆ ಈ ಜೋಡಣೆ ಹೊಸದೇನಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದೊಂದೇ ಮೆಟ್ಟಿಲು ಇಳಿಯುವುದು ಇದೇ ಕ್ರಮದಲ್ಲಿ.

ಇಂಥ ಕೋಷ್ಟಕದಲ್ಲಿ ಒಂದು ಸಾಲನ್ನು ಮೌಸಿನಿಂದ ಹಿಡಿದು ಎಳೆದು ಇನ್ನೊಂದು ಕಡೆ ಬಿಡುವ ಸೌಲಭ್ಯ, ಅಂದರೆ ಡ್ರ್ಯಾಗ್ ಅಂಡ್ ಡ್ರಾಪ್, ಕೊಡುವುದು ಹೇಗೆ ಎಂಬುದು ನಮ್ಮ ಇಂದಿನ ವಿಷಯ. ಕೈಗೆ ಇದು ಬಹಳ ಸುಲಭವಾದ ಕೆಲಸ. ತಂತ್ರಾಂಶ ಬರೆಯುವವರಿಗೆ ಅಷ್ಟು ಸುಲಭವಲ್ಲ, ಏಕೆಂದರೆ ನೀರಿಗೆ ಇಳಿಜಾರು ಬೇಕು, ಪರದೆಯ ಮೇಲೆ ಇಳಿಜಾರು ಇಲ್ಲ. ಕಾಲುವೆಯೊಂದನ್ನು ಪರದೆಯ ಮೇಲೆ ಎತ್ತ ಬೇಕಾದರೂ ಎಳೆಯಬಹುದು. ಅದು ತಡೆಯಬೇಕಾದ ಕಡೆ ತಡೆಯುವಂತೆ ಮಾಡುವುದು ನಮ್ಮ ಹೊಣೆ.

ಈ ವಿದ್ಯೆ ಎಲ್ಲಿಂದ ಬಂತು?

1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್ ಗಣಕದಲ್ಲಿ ಕಡತದ ಚಿತ್ರವನ್ನು ಹಿಡಿದು ಕಸದ ಬುಟ್ಟಿಯ ಚಿತ್ರದ ಮೇಲೆ ಬಿಟ್ಟರೆ ಕಡತ ಬುಟ್ಟಿಗೆ ಹೋಗುತ್ತಿತ್ತು. ಜನರಿಗೆ ಇದು ಹಿಡಿಸಿತು. ಆದರೆ ಬ್ರೌಸರಿನ ಒಳಗೆ ಈ ಸೌಲಭ್ಯ ಬಂದದ್ದು ತಡವಾಗಿ. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಐದನೆಯ ಆವೃತ್ತಿಯಲ್ಲಿ ಇದನ್ನು ತನ್ನದೇ ರೀತಿಯಲ್ಲಿ ಸೇರಿಸಿತು. ಮುಂದೆ ಎಚ್‌ಟಿಎಂಎಲ್ ಐದರ ನಿಯಮಗಳನ್ನು ಬರೆದಾಗ ಆ ಹಳೆಯ ರೀತಿಯನ್ನೇ ಆಧಾರವಾಗಿ ಇಟ್ಟುಕೊಂಡರು. ಹಾಗಾಗಿ ಅದರಲ್ಲಿ ಕೆಲವು ವಿಚಿತ್ರಗಳು ಉಳಿದುಕೊಂಡಿವೆ.

ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಹೊಸದಾಗಿ ಬರೆಯುವವರು ಎಡವುವುದು ಇಲ್ಲಿಯೇ. ಮೊದಲನೆಯದು: ನೀವು ಒಂದು ಸಾಲನ್ನು ಇನ್ನೊಂದರ ಮೇಲೆ ತಂದಾಗ ಬ್ರೌಸರ್ ತಾನಾಗಿ ಹೇಳುವ ಉತ್ತರ ‘ಬೇಡ’ ಎಂದು. ಡ್ರ್ಯಾಗ್‌ಓವರ್ ಎಂಬ ಘಟನೆ ನಡೆದಾಗ ಆ ‘ಬೇಡ’ವನ್ನು ನೀವು ಪ್ರಿವೆಂಟ್‌ಡಿಫಾಲ್ಟ್ ಎಂಬ ಆಜ್ಞೆಯಿಂದ ರದ್ದು ಮಾಡಿದರೆ ಮಾತ್ರ ಅಲ್ಲಿ ಬಿಡಲು ಸಾಧ್ಯ. ಇದು ತಿಳಿಯದೆ ಎಷ್ಟೋ ಹುಡುಗರು ಡ್ರಾಪ್ ಘಟನೆಗೆ ಬರೆದ ಸಾಲುಗಳನ್ನೇ ಮತ್ತೆ ಮತ್ತೆ ತಿದ್ದುತ್ತಾ ರಾತ್ರಿ ಕಳೆಯುತ್ತಾರೆ. ಎರಡನೆಯದು: ಎಳೆಯುವಾಗ ಜೊತೆಯಲ್ಲಿ ಒಯ್ಯುವ ಮಾಹಿತಿಯನ್ನು, ಬಿಡುವ ಕ್ಷಣದವರೆಗೂ ಓದಲು ಬ್ರೌಸರ್ ಕೊಡುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿ. ಆದರೆ ‘ಈ ಸಾಲು ಇಲ್ಲಿಗೆ ಬರಬಹುದೇ’ ಎಂದು ಬಿಡುವ ಮೊದಲೇ ತೀರ್ಮಾನಿಸಬೇಕಲ್ಲ? ಅದಕ್ಕಾಗಿ, ಎಳೆಯಲು ಶುರುಮಾಡಿದ ಸಾಲು ಯಾವುದು ಎಂಬುದನ್ನು ನಿಮ್ಮದೇ ಒಂದು ಚರಾಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು.

ತಾಯಿಸಾಲು, ಮರಿಸಾಲು

ಪರದೆಯ ಮೇಲೆ ಮರದಂತೆ ಕಂಡರೂ ಎಚ್‌ಟಿಎಂಎಲ್ ಕೋಷ್ಟಕದಲ್ಲಿ ಅಡ್ಡಸಾಲಿನ ಹೊಟ್ಟೆಯೊಳಗೆ ಅಡ್ಡಸಾಲು ಇರುವುದಿಲ್ಲ. ಎಲ್ಲವೂ ಒಂದರ ಕೆಳಗೆ ಒಂದು ಬರುವ ಸಮಾನ ಸಾಲುಗಳು. ಒಳಗೆ ಸರಿದಂತೆ ಕಾಣುವುದು ಕಣ್ಣಿಗೆ ಮಾತ್ರ. ನಿಜವಾದ ಸಂಬಂಧ ದತ್ತಾಂಶದಲ್ಲಿ ಇರುತ್ತದೆ. ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ. ಅದರ ಪಕ್ಕದಲ್ಲಿ ಅದರ ತಾಯಿಸಾಲಿನ ಗುರುತಿನ ಸಂಖ್ಯೆ. ಮುಖ್ಯ ನಾಲೆಗೆ ತಾಯಿ ಇಲ್ಲ, ಆದ್ದರಿಂದ ಅಲ್ಲಿ ಖಾಲಿ. ಇಷ್ಟೇ ಸಾಕು, ಇಡೀ ಮರವನ್ನು ಇದರಿಂದ ಕಟ್ಟಬಹುದು.

ಇದರಿಂದ ಒಂದು ಸೊಗಸಾದ ಪರಿಣಾಮವಿದೆ. ಒಂದು ವಿತರಣಾ ನಾಲೆಯ ಕೆಳಗೆ ಹತ್ತು ಉಪನಾಲೆ, ಅವುಗಳ ಕೆಳಗೆ ನೂರು ಹೊಲಗಾಲುವೆ ಇದ್ದರೂ, ಆ ವಿತರಣಾ ನಾಲೆಯನ್ನು ಬೇರೆಡೆಗೆ ಸರಿಸಿದಾಗ ದತ್ತಾಂಶದಲ್ಲಿ ಬದಲಾಗುವುದು ಒಂದೇ ಒಂದು ಸಂಖ್ಯೆ. ಮರಿಗಳು ತಮ್ಮ ತಾಯಿಯನ್ನು ಬಿಟ್ಟಿಲ್ಲ. ತಾಯಿ ಎಲ್ಲಿಗೆ ಹೋದರೂ ಅವು ಹಿಂದೆಯೇ ಹೋಗುತ್ತವೆ.

ಇದಕ್ಕೆ ನಮ್ಮ ಪ್ರಾಂತ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ರಚಿಸಿದರು. ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ ಎಲ್ಲವೂ ಹೊಸ ಜಿಲ್ಲೆಗೆ ಬಂದವು. ನಾಗಮಂಗಲದ ಯಾವುದೋ ಹೋಬಳಿಯ ಯಾವುದೋ ಹಳ್ಳಿ ಅಂದು ತನ್ನ ಹೋಬಳಿಯನ್ನು ಬಿಟ್ಟು ಹೋಗಬೇಕಾಗಲಿಲ್ಲ. ತಾಲ್ಲೂಕು ಎಂಬ ಒಂದು ಕೊಂಡಿಯನ್ನು ಒಂದು ಗೂಟದಿಂದ ಬಿಡಿಸಿ ಇನ್ನೊಂದು ಗೂಟಕ್ಕೆ ಸಿಕ್ಕಿಸಿದ ಹಾಗೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ ರಾಮನಗರ ಜಿಲ್ಲೆ ಆದಾಗಲೂ ನಡೆದದ್ದು ಇದೇ.

ಆದರೆ ಪರದೆಯ ಮೇಲೆ ಈ ಅನುಕೂಲ ತಾನಾಗಿ ಸಿಗುವುದಿಲ್ಲ. ಸಾಲುಗಳು ಒಂದರ ಕೆಳಗೊಂದು ಬಿಡಿಬಿಡಿಯಾಗಿ ಇರುವುದರಿಂದ ನೀವು ಹಿಡಿದು ಎಳೆದದ್ದು ಒಂದೇ ಸಾಲು. ಮರಿಗಳು ಹಳೆಯ ಜಾಗದಲ್ಲೇ ಅನಾಥವಾಗಿ ನಿಂತುಬಿಡುತ್ತವೆ. ಅವುಗಳನ್ನು ಗುರುತಿಸುವ ಉಪಾಯ ಹೀಗಿದೆ. ಪ್ರತಿ ಸಾಲೂ ಎಷ್ಟನೆಯ ಮಟ್ಟದಲ್ಲಿದೆ ಎಂದು ಬರೆದಿಡಿ. ಮುಖ್ಯ ನಾಲೆ 1, ಶಾಖೆ 2, ವಿತರಣಾ ನಾಲೆ 3, ಹೀಗೆ. ಮೂರನೆಯ ಮಟ್ಟದ ಸಾಲನ್ನು ಎಳೆದಿರಿ ಎನ್ನೋಣ. ಅದರ ಕೆಳಗಿನಿಂದ ಒಂದೊಂದೇ ಸಾಲು ಓದುತ್ತಾ ಹೋಗಿ. ಮಟ್ಟ 3ಕ್ಕಿಂತ ಹೆಚ್ಚಿರುವವರೆಗೂ ಅವೆಲ್ಲ ಅದರ ಸಂತಾನ. 3 ಅಥವಾ ಅದಕ್ಕಿಂತ ಕಡಿಮೆ ಮಟ್ಟದ ಸಾಲು ಸಿಕ್ಕ ತಕ್ಷಣ ನಿಲ್ಲಿಸಿ. ಆ ಇಡೀ ಕಟ್ಟನ್ನು ಒಟ್ಟಿಗೆ ಎತ್ತಿ ಹೊಸ ಜಾಗದಲ್ಲಿ ಇರಿಸಿ, ಹೊಸ ತಾಯಿಗೆ ತಕ್ಕಂತೆ ಎಲ್ಲರ ಮಟ್ಟವನ್ನೂ ಹೆಚ್ಚು ಕಡಿಮೆ ಮಾಡಿ. ದೂರದರ್ಶನದ ಕೆಲಸದಲ್ಲಿ ನಾವು ದಿನವೂ ಇದನ್ನೇ ಕಾಗದದ ಮೇಲೆ ಮಾಡುತ್ತೇವೆ. ಕಾರ್ಯಕ್ರಮದ ಎರಡನೆಯ ಭಾಗವನ್ನು ನಾಲ್ಕನೆಯದಾಗಿ ಮಾಡಿದರೆ ಅದರ ದೃಶ್ಯಗಳೆಲ್ಲ ಜೊತೆಗೇ ಹೋಗಬೇಕು.

ಬಿಟ್ಟದ್ದು ಎಲ್ಲಿಗೆ?

ಸಾಮಾನ್ಯ ಪಟ್ಟಿಯಲ್ಲಿ ಒಂದು ಸಾಲನ್ನು ಬಿಡಲು ಎರಡೇ ಜಾಗ: ಇನ್ನೊಂದರ ಮೇಲೆ ಅಥವಾ ಕೆಳಗೆ. ಶ್ರೇಣೀಬದ್ಧ ಕೋಷ್ಟಕದಲ್ಲಿ ಮೂರನೆಯದೂ ಇದೆ, ‘ಒಳಗೆ’. ಮೌಸು ಒಂದು ಸಾಲಿನ ಮೇಲೆ ಇರುವಾಗ ಆ ಸಾಲಿನ ಎತ್ತರವನ್ನು ನಾಲ್ಕು ಪಾಲು ಮಾಡಿ. ಮೇಲಿನ ಕಾಲು ಭಾಗದಲ್ಲಿದ್ದರೆ ‘ಮೊದಲು’, ಕೆಳಗಿನ ಕಾಲು ಭಾಗದಲ್ಲಿದ್ದರೆ ‘ನಂತರ’, ನಡುವಿನ ಅರ್ಧದಲ್ಲಿದ್ದರೆ ‘ಒಳಗೆ’ ಎಂದು ಗ್ರಹಿಸುವುದು ರೂಢಿ. ಮೊದಲು, ನಂತರ ಎಂಬುದಕ್ಕೆ ಒಂದು ಗೆರೆ ತೋರಿಸಿ. ಒಳಗೆ ಎಂಬುದಕ್ಕೆ ಇಡೀ ಸಾಲಿಗೆ ಬಣ್ಣ ಹಚ್ಚಿ. ಮಡಚಿದ ಸಾಲಿನ ಮೇಲೆ ಒಂದು ಕ್ಷಣ ತಡೆದು ನಿಂತರೆ ಅದು ತಾನಾಗಿ ತೆರೆದುಕೊಳ್ಳಬೇಕು, ಇಲ್ಲವಾದರೆ ಅದರ ಮರಿಗಳ ನಡುವೆ ಬಿಡುವುದು ಹೇಗೆ? ಇದೆಲ್ಲ ಅಭ್ಯಾಸದಿಂದ ಬರುತ್ತದೆ.

ಸೋದರ ಸಾಲುಗಳ ನಡುವಿನ ಕ್ರಮಕ್ಕೆ ಒಂದು ಕ್ರಮಸಂಖ್ಯೆ ಬೇಕು. 1, 2, 3 ಎಂದು ಕೊಟ್ಟರೆ ನಡುವೆ ಒಂದನ್ನು ತೂರಿಸಲು ಮುಂದಿನವನ್ನೆಲ್ಲ ಬದಲಿಸಬೇಕು. 10, 20, 30 ಎಂದು ಕೊಟ್ಟರೆ 10 ಮತ್ತು 20ರ ನಡುವೆ 15 ಸಲೀಸಾಗಿ ಕೂರುತ್ತದೆ. ಹಿಂದೆ ಬೇಸಿಕ್ ಭಾಷೆ ಕಲಿತ ನಿಮ್ಮ ಅಧ್ಯಾಪಕರನ್ನು ಕೇಳಿ, ಅವರು ಸಾಲುಗಳಿಗೆ ಹೀಗೇ ಹತ್ತು ಹತ್ತರ ಅಂತರದಲ್ಲಿ ಸಂಖ್ಯೆ ಹಾಕುತ್ತಿದ್ದರು.

ಎಲ್ಲಿ ‘ಬೇಡ’ ಎನ್ನಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ವಿತರಣಾ ನಾಲೆಯನ್ನು ಹಿಡಿದು ಅದರದೇ ಹೊಲಗಾಲುವೆಯ ‘ಒಳಗೆ’ ಬಿಟ್ಟರೆ ಏನಾಗುತ್ತದೆ? ನಾಲೆಗೆ ನೀರು ಹೊಲಗಾಲುವೆಯಿಂದ ಬರಬೇಕು, ಹೊಲಗಾಲುವೆಗೆ ನೀರು ನಾಲೆಯಿಂದ ಬರಬೇಕು. ಮೇಲಿನಿಂದ ಬರುವ ಸಂಪರ್ಕವೇ ಕಡಿದುಹೋಯಿತು. ಗಣಕದಲ್ಲಿ ಇದರ ಪರಿಣಾಮ ಎರಡು ಬಗೆ. ಕೋಷ್ಟಕವನ್ನು ಬರೆಯುವ ತಂತ್ರಾಂಶ ಮುಖ್ಯ ನಾಲೆಯಿಂದ ಶುರುಮಾಡಿ ಮರಿಗಳನ್ನು ಹುಡುಕುತ್ತಾ ಹೋಗುವುದರಿಂದ, ಈ ಸುತ್ತಿನಲ್ಲಿ ಸಿಕ್ಕವುಗಳನ್ನು ಅದು ಎಂದೂ ತಲುಪುವುದಿಲ್ಲ. ದತ್ತಾಂಶದಲ್ಲಿ ಅವು ಇವೆ, ಪರದೆಯಿಂದ ಮಾತ್ರ ಮಾಯ. ಅಥವಾ, ಒಂದು ಸಾಲಿನಿಂದ ಮೇಲಕ್ಕೆ ತಾಯಿಯ ತಾಯಿಯನ್ನು ಹುಡುಕುವ ಲೆಕ್ಕವೊಂದು ಇದ್ದರೆ ಅದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ತಡೆಯುವ ದಾರಿ ಸರಳವಾಗಿದೆ. ಬಿಡಬೇಕೆಂದಿರುವ ಜಾಗದಿಂದ ಮೇಲಕ್ಕೆ ಹತ್ತಿ. ಅದರ ತಾಯಿ, ತಾಯಿಯ ತಾಯಿ ಎಂದು ತುದಿಯವರೆಗೂ ಹೋಗಿ. ದಾರಿಯಲ್ಲಿ ಎಲ್ಲಾದರೂ ಎಳೆಯುತ್ತಿರುವ ಸಾಲೇ ಎದುರಾದರೆ ‘ಬೇಡ’ ಎನ್ನಿ. ಆರು ಮಟ್ಟದ ನಾಲೆ ವ್ಯವಸ್ಥೆಯಾದರೆ ಆರು ಮೆಟ್ಟಿಲಿಗಿಂತ ಹೆಚ್ಚು ಹತ್ತಬೇಕಾಗಿಲ್ಲ. ಹಾಗಾಗಿ ಎಳೆಯುತ್ತಿರುವಾಗಲೇ ಪರೀಕ್ಷಿಸಿದರೂ ಗಣಕಕ್ಕೆ ಭಾರವಾಗುವುದಿಲ್ಲ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ನಮ್ಮ ನಾಲೆಗಳಿಗೆ ಇಷ್ಟು ಸಾಲದು. ತುರುಗನೂರು ಶಾಖೆಯ ವಿತರಣಾ ನಾಲೆಯೊಂದನ್ನು ಎಳೆದು ಮದ್ದೂರು ಶಾಖೆಯ ಕೆಳಗೆ ಬಿಟ್ಟರೆ ಸುತ್ತು ಬೀಳುವುದಿಲ್ಲ, ಮರದ ನಿಯಮವೂ ಮುರಿಯುವುದಿಲ್ಲ. ತಂತ್ರಾಂಶ ಒಪ್ಪಿಕೊಳ್ಳುತ್ತದೆ. ನೀರು ಒಪ್ಪುವುದಿಲ್ಲ. ಆ ನಾಲೆ ತನ್ನ ಶಾಖೆಯಿಂದ ಕವಲೊಡೆದಿರುವುದು ನೆಲದ ಇಳಿಜಾರನ್ನು ಅಳೆದು ನೋಡಿದ ಮೇಲೆ. ಹೊಸ ಕೂಡುನಾಲೆ ತೋಡಿದ ಹೊರತು ಅದರ ತಾಯಿ ಬದಲಾಗುವುದಿಲ್ಲ. ಅಷ್ಟೇಕೆ, ಒಂದೇ ಶಾಖೆಯ ವಿತರಣಾ ನಾಲೆಗಳ ಕ್ರಮವನ್ನು ಸಹ ಹಿಂದುಮುಂದು ಮಾಡುವಂತಿಲ್ಲ. ಶಾಖೆಯ ಆರಂಭದಿಂದ ಎಷ್ಟು ದೂರದಲ್ಲಿ ಕವಲೊಡೆದಿದೆ ಎಂಬುದೇ ಅವುಗಳ ಕ್ರಮ.

ಹಾಗಾದರೆ ಎಳೆದು ಬಿಡುವ ಸೌಲಭ್ಯದಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಬೇರೆ ಕೋಷ್ಟಕದಲ್ಲಿ. ಅದೇ ನಾಲೆಗಳಿಗೆ ಇನ್ನೊಂದು ಶ್ರೇಣಿ ಇದೆ: ಅವುಗಳನ್ನು ನೋಡಿಕೊಳ್ಳುವವರ ಶ್ರೇಣಿ. 2003ರಲ್ಲಿ ಸ್ಥಾಪನೆಯಾದ ಕಾವೇರಿ ನೀರಾವರಿ ನಿಗಮ, ಅದರ ಕೆಳಗೆ ವಿಭಾಗಗಳು, ಉಪವಿಭಾಗಗಳು, ಕೆಳಮಟ್ಟದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು, ತೂಬಿನ ಬಳಿ ನೀರುಗಂಟಿ. ಇಂಥ ಉಪನಾಲೆಯನ್ನು ಯಾವ ಉಪವಿಭಾಗ ನೋಡಿಕೊಳ್ಳಬೇಕು ಎಂಬುದು ಮನುಷ್ಯರು ಮಾಡಿದ ಏರ್ಪಾಡು. ಒಂದು ಆದೇಶದಿಂದ ಅದು ಬದಲಾಗಬಹುದು. ಅಲ್ಲಿ ಸಾಲನ್ನು ಎಳೆದು ಬಿಡುವುದು ನ್ಯಾಯವಾದ ಕೆಲಸ.

ಮೂರನೆಯದು ಸರದಿಯ ಪಟ್ಟಿ. ಮಂಡ್ಯದ ಕಡೆಯವರಿಗೆ ‘ಕಟ್ಟು ನೀರು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯದಲ್ಲಿ ನೀರು ಕಡಿಮೆ ಇರುವಾಗ ನಾಲೆಗೆ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸಿ, ಮತ್ತೆ ಬಿಡುವ ಪದ್ಧತಿ ಅದು. ನೀರು ಬಿಟ್ಟ ದಿನಗಳಲ್ಲಿ ಯಾವ ತೂಬು ಯಾವಾಗ ತೆರೆಯಬೇಕು ಎಂಬ ಸರದಿಯನ್ನು ಒಂದು ಕೋಷ್ಟಕದಲ್ಲಿ ಬರೆದರೆ, ಅದನ್ನು ಹಿಂದುಮುಂದು ಮಾಡುವ ಅಗತ್ಯ ಖಂಡಿತ ಬರುತ್ತದೆ. ಒಂದು ಕಡೆ ಏರಿ ಒಡೆದಿರುತ್ತದೆ, ಇನ್ನೊಂದು ಕಡೆ ನಾಟಿ ತಡವಾಗಿರುತ್ತದೆ. ಆದರೆ ಇಲ್ಲಿ ತಪ್ಪಿದರೆ ನಷ್ಟವೂ ದೊಡ್ಡದು. ನಾಲೆಯ ಕೊನೆಭಾಗದ ರೈತರಿಗೆ ನೀರು ತಲುಪಿಲ್ಲ ಎಂಬ ಸುದ್ದಿಯನ್ನು ನೀವು ಎಷ್ಟು ಸಲ ಓದಿಲ್ಲ? ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಪಟ್ಟಿ ನೋಡುತ್ತಿದ್ದವರೊಬ್ಬರ ಹೆಬ್ಬೆರಳು ಜಾರಿ, ಕೊನೆಭಾಗದ ಒಂದು ತೂಬಿನ ಸಾಲು ನಾಲ್ಕು ಸಾಲು ಕೆಳಕ್ಕೆ ಹೋಯಿತೆನ್ನಿ. ಪರದೆ ಸದ್ದಿಲ್ಲದೆ ಅದನ್ನು ಉಳಿಸಿಕೊಂಡಿತು. ಆ ತೂಬಿನ ಸರದಿ ಬರುವ ಹೊತ್ತಿಗೆ ಮೇಲೆ ನೀರು ನಿಲ್ಲಿಸಿಯಾಗಿರುತ್ತದೆ. ಮುಂದಿನ ಕಟ್ಟಿನವರೆಗೂ ಪೈರು ಕಾಯುವುದೇ?

ಆದ್ದರಿಂದ ತಂತ್ರಾಂಶ ಬರೆಯುವ ಮೊದಲು ನೀವು ಕೇಳಿಕೊಳ್ಳಬೇಕಾದ್ದು ಈ ಶ್ರೇಣಿಯನ್ನು ಮಾಡಿದವರು ಯಾರು ಎಂದು. ನೆಲ ಮಾಡಿದ ಶ್ರೇಣಿಯಾದರೆ ಎಳೆಯುವ ಹಿಡಿಯನ್ನೇ ಕೊಡಬೇಡಿ. ಮನುಷ್ಯರು ಮಾಡಿದ್ದಾದರೆ ಕೊಡಿ, ಜೊತೆಗೆ ಅವರ ನಿಯಮಗಳನ್ನೂ ಬರೆಯಿರಿ. ತಾಯಿನಾಲೆ ಒಯ್ಯಬಲ್ಲ ಕ್ಯೂಸೆಕ್‌ಗಿಂತ ಏಕಕಾಲಕ್ಕೆ ತೆರೆದ ಮರಿಗಳ ಒಟ್ಟು ಬೇಡಿಕೆ ಹೆಚ್ಚಾಗುವಂತಿದ್ದರೆ ಸರದಿಯ ಪಟ್ಟಿ ‘ಬೇಡ’ ಎನ್ನಬೇಕು. ಏಕೆ ಬೇಡ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ಸುಮ್ಮನೆ ಹಿಂದಕ್ಕೆ ಹಾರಿ ಕುಳಿತ ಸಾಲನ್ನು ನೋಡಿ ಬಳಸುವವರು ಮೌಸು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಹೆಸರು ಬೇರೆ, ಗುರುತು ಬೇರೆ

ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇದ್ದ ಹೆಸರು ಇರ್ವಿನ್ ನಾಲೆ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂದೂ ಹಿರೋಡೆ ಎಂದೂ ಹೆಸರಿತ್ತು. ಕೃಷ್ಣರಾಜಪೇಟೆ ಒಮ್ಮೆ ಅತ್ತಿಕುಪ್ಪೆಯಾಗಿತ್ತು. ಮೇಲೆ ಹೇಳಿದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ತಾಯಿಸಾಲನ್ನು ಹೆಸರಿನಿಂದ ಗುರುತಿಸಿದ ಕೋಷ್ಟಕವಾದರೆ ಹೆಸರು ಬದಲಾದ ದಿನ ಮಕ್ಕಳೆಲ್ಲ ತಬ್ಬಲಿ. ‘ಮಂಡ್ಯ/ಪಾಂಡವಪುರ/ಇಂಥ ಹೋಬಳಿ’ ಎಂದು ಇಡೀ ದಾರಿಯನ್ನೇ ಗುರುತಾಗಿ ಇಟ್ಟುಕೊಂಡರೂ ಅಷ್ಟೇ ಕಷ್ಟ, ಸಾಲು ಸರಿದಾಗಲೆಲ್ಲ ಸಂತಾನದ ಗುರುತುಗಳೆಲ್ಲ ಬದಲಾಗಬೇಕು. ಅರ್ಥವಿಲ್ಲದ ಒಂದು ಸಂಖ್ಯೆಯೇ ಕ್ಷೇಮ.

ಇದನ್ನು ಕನ್ನಂಬಾಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹೊಯ್ಸಳರ ಕಾಲದ ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ಜಲಾಶಯ ತುಂಬಿದಾಗ ಹಳೆಯ ಊರಿನೊಂದಿಗೆ ಮುಳುಗಿತ್ತು. ನೀರು ಬಹಳ ಇಳಿದ ವರ್ಷಗಳಲ್ಲಿ ಮಾತ್ರ ಮೇಲೆ ಕಾಣುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿಸಿದರು. 2011ರ ಹೊತ್ತಿಗೆ ಕೆಲಸ ಮುಗಿಯಿತು. ಬಿಚ್ಚುವ ಮೊದಲು ಸಾವಿರಾರು ಛಾಯಾಚಿತ್ರ ತೆಗೆದು, ಕಲ್ಲುಗಳಿಗೆ ಗುರುತು ಹಾಕಿದ್ದರು. ಕಲ್ಲು ಯಾವ ಭಾಗಕ್ಕೆ ಸೇರಿದ್ದು, ಆ ಭಾಗದಲ್ಲಿ ಎಷ್ಟನೆಯದು ಎಂಬ ಎರಡು ಸಂಗತಿ ತಿಳಿಯದೆ ಬಿಚ್ಚಿದ ಗುಡಿಯನ್ನು ಮತ್ತೆ ಕಟ್ಟಲಾಗದು. ನಮ್ಮ ಕೋಷ್ಟಕದಲ್ಲಿ ತಾಯಿಯ ಗುರುತು ಮತ್ತು ಕ್ರಮಸಂಖ್ಯೆ ಎಂದು ಕರೆದದ್ದು ಇವನ್ನೇ.

ಇನ್ನೊಂದು ತೊಡಕು. ಕೃಷ್ಣರಾಜಸಾಗರವನ್ನೇ ತಾಲ್ಲೂಕುವಾರು ಪಟ್ಟಿಗೆ ಸೇರಿಸಬೇಕೆಂದರೆ ಯಾವುದರ ಕೆಳಗೆ ಬರೆಯುತ್ತೀರಿ? ಕೆ.ಆರ್.ಎಸ್. ಊರು ಶ್ರೀರಂಗಪಟ್ಟಣ ತಾಲ್ಲೂಕಿನದು, ಹೊಸ ಕನ್ನಂಬಾಡಿ ಪಾಂಡವಪುರದ್ದು, ಹಿನ್ನೀರು ಕೆ.ಆರ್.ಪೇಟೆಯತ್ತಲೂ ಚಾಚಿದೆ. ಮರದಲ್ಲಿ ಒಂದು ಸಾಲಿಗೆ ಒಬ್ಬಳೇ ತಾಯಿ. ಮೂರು ಕಡೆ ಮೂರು ನಕಲು ಇಟ್ಟರೆ ಮೊತ್ತದಲ್ಲಿ ಜಲಾಶಯ ಮೂರು ಸಲ ಎಣಿಕೆಯಾಗುತ್ತದೆ. ಒಂದು ಕಡೆ ಮೂಲವನ್ನು ಇಟ್ಟು ಉಳಿದ ಕಡೆ ‘ಅಲ್ಲಿ ನೋಡಿ’ ಎಂಬ ಸೂಚನೆ ಕೊಡುವುದು ಲೇಸು.

ಮೊತ್ತವೇ ಸಾಕ್ಷಿ

ಸಾಲು ಸರಿಯಾಗಿ ಸರಿದಿದೆಯೇ ಎಂದು ತಿಳಿಯಲು ಒಂದು ಚಿಕ್ಕ ಲೆಕ್ಕ ಇದೆ. ನೋಡಿಕೊಳ್ಳುವವರ ಕೋಷ್ಟಕದಲ್ಲಿ ಒಂದು ವಿಭಾಗ, ಅದರ ಕೆಳಗೆ ‘ಅ’ ಮತ್ತು ‘ಆ’ ಎಂಬ ಎರಡು ಉಪವಿಭಾಗ ಇವೆಯೆನ್ನಿ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ‘ಅ’ ಕೆಳಗಿನ ನಾಲೆಗಳ ಅಚ್ಚುಕಟ್ಟು 400, 250, 350 ಎಕರೆ, ಒಟ್ಟು 1,000. ‘ಆ’ ಕೆಳಗೆ 600, 300, ಒಟ್ಟು 900. ವಿಭಾಗದ ಮೊತ್ತ 1,900. ಈಗ 250 ಎಕರೆಯ ನಾಲೆಯನ್ನು ‘ಅ’ದಿಂದ ‘ಆ’ಗೆ ಎಳೆದಿರಿ. ‘ಅ’ 750 ಆಗಬೇಕು, ‘ಆ’ 1,150 ಆಗಬೇಕು. ವಿಭಾಗದ 1,900 ಕದಲಬಾರದು. ಹಳೆಯ ತಾಯಿ ಮತ್ತು ಹೊಸ ತಾಯಿ ಎರಡೂ ಸೇರುವ ಹಿರಿಯ ಸಾಲಿನವರೆಗೆ ಮಾತ್ರ ಮೊತ್ತಗಳು ಬದಲಾಗುತ್ತವೆ, ಅಲ್ಲಿಂದ ಮೇಲಕ್ಕೆ ಎಲ್ಲವೂ ಇದ್ದಂತೆಯೇ ಇರುತ್ತವೆ. ವಿಭಾಗದ ಮೊತ್ತ 2,150 ಎಂದು ತೋರಿಸಿದರೆ ಸಾಲು ಎರಡು ಕಡೆ ಉಳಿದಿದೆ. 1,650 ಎಂದು ತೋರಿಸಿದರೆ ಎಲ್ಲೂ ಉಳಿದಿಲ್ಲ.

ಮೌಸು ಇಲ್ಲದವರು

ನೀರುಗಂಟಿಯ ಕೈಯಲ್ಲಿ ಮೌಸು ಇರುವುದಿಲ್ಲ, ಬಿಸಿಲಲ್ಲಿ ಮಿನುಗುವ ಮೊಬೈಲ್ ಇರುತ್ತದೆ. ಎಚ್‌ಟಿಎಂಎಲ್ ಐದರ ಎಳೆದು ಬಿಡುವ ವಿಧಾನವನ್ನು ಮೌಸಿಗಾಗಿ ರೂಪಿಸಿದ್ದರಿಂದ ಬೆರಳಿನ ಸ್ಪರ್ಶಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಪಾಯಿಂಟರ್ ಘಟನೆಗಳೆಂಬ ಬೇರೆ ದಾರಿ ಹಿಡಿಯಬೇಕು. ಬೆರಳಿನಿಂದ ಪುಟವನ್ನು ಮೇಲೆ ಕೆಳಗೆ ಸರಿಸುವುದಕ್ಕೂ ಸಾಲನ್ನು ಎಳೆಯುವುದಕ್ಕೂ ಗೊಂದಲವಾಗದಂತೆ ಸಾಲಿನ ತುದಿಯಲ್ಲಿ ಪ್ರತ್ಯೇಕ ಹಿಡಿ ಇಡಬೇಕು. ಮೇಲೆ ಹೇಳಿದ ಹೆಬ್ಬೆರಳಿನ ಅವಾಂತರಕ್ಕೂ ಇದೇ ಮದ್ದು.

ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ ಎಳೆಯುವುದೇ ಆಗದ ಕೆಲಸ. 2023ರ ಅಕ್ಟೋಬರಿನಲ್ಲಿ ಹೊರಬಂದ ಜಾಲ ಸುಗಮತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.2ನೆಯ ಆವೃತ್ತಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಎಳೆಯುವುದೇ ಅನಿವಾರ್ಯವಾದ ಕೆಲಸಗಳನ್ನು ಬಿಟ್ಟರೆ, ಎಳೆದು ಮಾಡುವ ಯಾವುದನ್ನೇ ಆಗಲಿ ಎಳೆಯದೆ, ಬರಿಯ ಒತ್ತುವಿಕೆಯಿಂದಲೂ ಮಾಡುವಂತಿರಬೇಕು. ಹಾಗಾಗಿ ಪ್ರತಿ ಸಾಲಿಗೂ ‘ಮೇಲಕ್ಕೆ’, ‘ಕೆಳಕ್ಕೆ’, ‘ಬೇರೆಡೆಗೆ ಸೇರಿಸು’ ಎಂಬ ಗುಂಡಿಗಳಿರಲಿ. ‘ಬೇರೆಡೆಗೆ’ ಒತ್ತಿದಾಗ, ಹೋಗಬಹುದಾದ ಜಾಗಗಳ ಪಟ್ಟಿ ಮಾತ್ರ ಬರಲಿ. ಕೀಲಿಮಣೆಗೂ ಅವು ದಕ್ಕಬೇಕು. ಪರದೆಯನ್ನು ಓದಿ ಹೇಳುವ ತಂತ್ರಾಂಶ ‘ಮೂರನೆಯ ಮಟ್ಟ, ಐದರಲ್ಲಿ ಎರಡನೆಯದು’ ಎಂದು ಉಚ್ಚರಿಸುವಂತೆ ಟ್ರೀಗ್ರಿಡ್ ಎಂಬ ಗುರುತನ್ನೂ ಮಟ್ಟದ ಸಂಖ್ಯೆಯನ್ನೂ ಕೋಷ್ಟಕಕ್ಕೆ ಕೊಡಬೇಕು. ನನ್ನನ್ನು ಕೇಳಿದರೆ ಗುಂಡಿಗಳನ್ನೇ ಮೊದಲು ಬರೆಯಿರಿ, ಎಳೆಯುವುದನ್ನು ಆಮೇಲೆ ಸೇರಿಸಿ. ಎರಡೂ ಕೊನೆಗೆ ಕರೆಯುವುದು ‘ಈ ಸಾಲನ್ನು ಆ ತಾಯಿಗೆ, ಇಷ್ಟನೆಯ ಜಾಗಕ್ಕೆ’ ಎಂಬ ಒಂದೇ ಕಾರ್ಯವನ್ನು.

ಇಬ್ಬರು ಒಟ್ಟಿಗೆ ಎಳೆದರೆ

ಕೊನೆಯದಾಗಿ ಸರ್ವರಿನ ಮಾತು. ಬ್ರೌಸರಿನಲ್ಲಿ ಮಾಡಿದ ಪರೀಕ್ಷೆಗಳನ್ನೆಲ್ಲ ಸರ್ವರಿನಲ್ಲಿ ಮತ್ತೆ ಮಾಡಬೇಕು. ಅದೇಕೆ ಎರಡು ಸಲ ಎಂದು ಕೇಳುವವರಿದ್ದಾರೆ. ಮಂಡ್ಯದ ಕಚೇರಿಯಲ್ಲಿ ಒಬ್ಬರು ‘ಅ’ ಎಂಬ ಸಾಲನ್ನು ‘ಆ’ ಒಳಗೆ ಬಿಡುತ್ತಾರೆ. ಅದೇ ನಿಮಿಷ ಮದ್ದೂರಿನಲ್ಲಿ ಇನ್ನೊಬ್ಬರು ‘ಆ’ ಸಾಲನ್ನು ‘ಅ’ ಒಳಗೆ ಬಿಡುತ್ತಾರೆ. ಇಬ್ಬರ ಪರದೆಯ ಮೇಲೂ ಅವರವರ ಕೆಲಸ ನ್ಯಾಯವಾಗಿಯೇ ಇದೆ. ಎರಡೂ ದತ್ತಸಂಚಯಕ್ಕೆ ಸೇರಿದರೆ ಮತ್ತೆ ಆ ಸುತ್ತು ಬಿತ್ತು, ಎರಡೂ ಸಾಲು ಸಂತಾನಸಮೇತ ಮಾಯವಾದವು. ಸರ್ವರ್ ಒಬ್ಬರ ಬದಲಾವಣೆಯನ್ನು ಪೂರ್ತಿ ಮುಗಿಸಿ, ಆಮೇಲೆ ಎರಡನೆಯವರದ್ದನ್ನು ಹೊಸ ಸ್ಥಿತಿಯ ಮೇಲೆ ಪರೀಕ್ಷಿಸಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಎರಡನೆಯವರಿಗೆ ‘ಈ ನಡುವೆ ಪಟ್ಟಿ ಬದಲಾಗಿದೆ’ ಎಂದು ತಿಳಿಸಿ ಹೊಸ ಪಟ್ಟಿ ತೋರಿಸಬೇಕು.

ಪ್ರತಿ ಸರಿಸುವಿಕೆಗೂ ಒಂದು ದಾಖಲೆ ಬೇಕು. ಯಾವ ಸಾಲು, ಎಲ್ಲಿಂದ ಎಲ್ಲಿಗೆ, ಯಾರು, ಎಷ್ಟು ಹೊತ್ತಿಗೆ. ಈ ದಾಖಲೆ ಇದ್ದರೆ ‘ಹಿಂದಿನಂತೆ ಮಾಡು’ ಎಂಬ ಗುಂಡಿಯನ್ನು ಕೊಡುವುದು ಹತ್ತು ನಿಮಿಷದ ಕೆಲಸ. ನೀರಿನ ಸರದಿಯಂಥ ಪಟ್ಟಿಯಲ್ಲಿ ಬಿಟ್ಟ ತಕ್ಷಣ ಜಾರಿಗೆ ತರದೆ, ಬದಲಾದ ಸಾಲುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ, ‘ಒಪ್ಪಿದೆ’ ಎಂದು ಒತ್ತಿದ ಮೇಲೆಯೇ ಉಳಿಸುವುದು ಒಳ್ಳೆಯದು.

ಗಣಕ ಕೈಗೆ ಸಿಗುವ ಮೊದಲೇ ಇದನ್ನೆಲ್ಲ ಮಾಡಿ ನೋಡಬಹುದು. ನಿಮ್ಮೂರಿನ ನಾಲೆಯನ್ನೋ ಕೆರೆಯ ತೂಬುಗಳನ್ನೋ ಚೀಟಿಗಳ ಮೇಲೆ ಬರೆಯಿರಿ. ಒಂದೊಂದು ಚೀಟಿಯ ಹಿಂಬದಿಯಲ್ಲಿ ಅದರ ಗುರುತಿನ ಸಂಖ್ಯೆ, ತಾಯಿಯ ಗುರುತಿನ ಸಂಖ್ಯೆ, ಕ್ರಮಸಂಖ್ಯೆ ಇರಲಿ. ಚೀಟಿಗಳನ್ನು ಕಲಸಿ, ಹಿಂಬದಿಯ ಮೂರು ಸಂಖ್ಯೆಗಳನ್ನು ಮಾತ್ರ ನೋಡಿ ಮತ್ತೆ ಜೋಡಿಸಿ. ಆಮೇಲೆ ಒಂದು ಚೀಟಿಯನ್ನು ಬೇರೆ ತಾಯಿಯ ಕೆಳಗೆ ಇಟ್ಟು, ಎಷ್ಟು ಚೀಟಿಗಳ ಹಿಂಬದಿಯನ್ನು ತಿದ್ದಬೇಕಾಯಿತು ಎಂದು ಎಣಿಸಿ. ಜೋಡಿಸಿದ ಪಟ್ಟಿಯನ್ನು ನಿಮ್ಮೂರಿನ ನೀರುಗಂಟಿಗೆ ಒಮ್ಮೆ ತೋರಿಸಿ, ಇದರಲ್ಲಿ ಯಾವ ಚೀಟಿಯನ್ನು ಸರಿಸಲೇಬಾರದು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.